ಹಕ್ಕು ಮನೆಯವರದು, ಬೀಗದ ಕೈ ಎಲ್ಲಿ?

ಮೊಬೈಲಿನೊಳಗಿನ ಆಸ್ತಿ ಮತ್ತು ಬೆಳೆಗಾರರ ಕುಟುಂಬ

ಗಡಿಕಲ್ಲು, ಪಹಣಿ, ನೀರಿನ ಹಕ್ಕು, ದಾರಿಯ ಹಕ್ಕು ಮುಂತಾದ ವಿಚಾರಗಳಲ್ಲಿ ನಮ್ಮ ಬೆಳೆಗಾರರು ಸಾಮಾನ್ಯವಾಗಿ ಎಚ್ಚರ ತಪ್ಪುವವರಲ್ಲ. ಅಜ್ಜನ ಕಾಲದ ಕ್ರಯಪತ್ರ, ಕಂದಾಯ ಕಟ್ಟಿದ ರಸೀತಿ, ವಿಭಾಗಪತ್ರದ ನಕಲು ಎಲ್ಲವೂ ಕಬ್ಬಿಣದ ಪೆಟ್ಟಿಗೆಯಲ್ಲಿ ಬಟ್ಟೆಯ ಗಂಟಿನೊಳಗೆ ಭದ್ರವಾಗಿರುತ್ತವೆ. ಯಜಮಾನರು ತೀರಿಕೊಂಡರೆ ಉತ್ತರಕ್ರಿಯೆ ಮುಗಿದ ಮೇಲೆ ಮನೆಯವರು ಆ ಪೆಟ್ಟಿಗೆಯನ್ನು ತೆರೆಯುತ್ತಾರೆ. ಬೀಗದ ಕೈ ಸಿಗದಿದ್ದರೆ ಬೀಗ ಒಡೆಸುತ್ತಾರೆ. ಒಳಗಿನ ಕಾಗದಗಳು ಹೇಗಿದ್ದವೋ ಹಾಗೆಯೇ ಸಿಗುತ್ತವೆ.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ಮನೆಗಳಿಗೆ ಇನ್ನೊಂದು ಪೆಟ್ಟಿಗೆ ಬಂದಿದೆ. ಅದು ಅಂಗೈ ಅಗಲದ್ದು, ಅಂಗಿಯ ಜೇಬಿನಲ್ಲಿರುವಂಥದ್ದು. ಇದರ ಬೀಗ ಒಡೆಯುವವರು ಊರಿನಲ್ಲಿಲ್ಲ. ಬಲವಂತದಿಂದ ಒಡೆಯಲು ಹೋದರೆ ಒಳಗಿನದೆಲ್ಲ ಅಳಿಸಿಹೋಗುವ ಸಂಭವವೇ ಹೆಚ್ಚು. ಹೀಗಿದ್ದರೂ ತನ್ನ ನಂತರ ಈ ಪೆಟ್ಟಿಗೆಯನ್ನು ಯಾರು, ಹೇಗೆ ತೆರೆಯಬೇಕೆಂದು ಮನೆಯಲ್ಲಿ ಹೇಳಿಟ್ಟಿರುವ ಬೆಳೆಗಾರರು ವಿರಳ. ಆದ್ದರಿಂದ ಈ ವಿಷಯವನ್ನು ನಮ್ಮ ಸದಸ್ಯರ ಮುಂದೆ ವಿವರವಾಗಿ ಇಡುವುದು ಅಗತ್ಯವೆನಿಸಿದೆ.

ಮೊಬೈಲಿನೊಳಗೆ ಏನೇನಿದೆ?

"ನಮ್ಮಲ್ಲಿ ಅಂಥ ಆಸ್ತಿ ಏನಿದೆ? ನಾವು ಷೇರು ವ್ಯಾಪಾರದವರೇ?" ಎಂದು ಕೇಳುವವರಿದ್ದಾರೆ. ಒಂದು ಕ್ಷಣ ಲೆಕ್ಕ ಹಾಕಿ ನೋಡೋಣ. ಬ್ಯಾಂಕಿನ ಖಾತೆ ಮೊಬೈಲಿನಲ್ಲಿದೆ. ಯುಪಿಐ ಮೂಲಕ ಹಣದ ಕೊಡುಕೊಳ್ಳುವಿಕೆ ನಡೆಯುತ್ತದೆ. ಕೆಲವರ ಠೇವಣಿಗೆ ಕಾಗದದ ರಸೀತಿಯೇ ಇಲ್ಲ, ಮೊಬೈಲಿನಲ್ಲೇ ಇಟ್ಟದ್ದು. ವಿಮೆಯ ಪಾಲಿಸಿ ಈಮೇಲಿಗೆ ಬಂದಿದೆ. ಮಗನ ಒತ್ತಾಯಕ್ಕೆ ತಿಂಗಳಿಗಿಷ್ಟು ಎಂದು ಮ್ಯೂಚುವಲ್ ಫಂಡಿಗೆ ಕಟ್ಟುತ್ತಿರುವವರಿದ್ದಾರೆ, ಡಿಮ್ಯಾಟ್ ಖಾತೆ ತೆರೆದವರಿದ್ದಾರೆ.

ಇವು ಹಣದ ಮಾತಾದವು. ತೋಟದ ಲೆಕ್ಕವೂ ಅಲ್ಲಿಯೇ ಇದೆ. ಆಳುಗಳಿಗೆ ಕೊಟ್ಟ ಮುಂಗಡ, ವಾರದ ಬಟವಾಡೆ, ಕ್ಯೂರಿಂಗ್‌ಗೆ ಕಳಿಸಿದ ಕಾಫಿಯ ಚೀಲಗಳ ಸಂಖ್ಯೆ, ಅಡಿಕೆ ಮಾರಾಟದ ಪಟ್ಟಿ, ಬೋರ್ಡೋ ದ್ರಾವಣ ಸಿಂಪಡಿಸಿದ ದಿನಾಂಕ, ಗಿಡಗಳಿಗೆ ಗೊಬ್ಬರ ಕೊಟ್ಟ ವಿವರ ಎಲ್ಲವೂ ಫೋಟೋ ರೂಪದಲ್ಲೋ ವಾಟ್ಸಾಪ್ ಸಂದೇಶದ ರೂಪದಲ್ಲೋ ಉಳಿದಿರುತ್ತವೆ. ಹಿಂದೆ ಕಾಫಿ ತೋಟದ ಮನೆಗಳಲ್ಲಿ ಮಳೆಯ ಪುಸ್ತಕ ಇರುತ್ತಿತ್ತು. ಹೂಮಳೆ ಯಾವಾಗ ಬಂತು, ಅದರ ನಂತರದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಎಂಬುದನ್ನು ಇಂಚು, ಸೆಂಟುಗಳಲ್ಲಿ ಬರೆದಿಡುತ್ತಿದ್ದರು. ಮೂವತ್ತು ನಲವತ್ತು ವರ್ಷಗಳ ಆ ಬರಹಕ್ಕೆ ಬೆಲೆ ಕಟ್ಟುವುದು ಕಷ್ಟ. ಈಗ ಹಲವರು ಅದನ್ನೂ ಮೊಬೈಲಿಗೆ ಸೇರಿಸಿದ್ದಾರೆ.

ನಾಲ್ಕು ಎಕರೆ ಕಾಫಿ, ಒಂದೂವರೆ ಎಕರೆ ಅಡಿಕೆ ಇರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಜನವರಿ ತಿಂಗಳು, ಕಾಫಿ ಕಣದಲ್ಲಿದೆ. ಯಜಮಾನರು ಹಠಾತ್ತನೆ ತೀರಿಕೊಳ್ಳುತ್ತಾರೆ. ವಾರದ ಕೊನೆಗೆ ಬಟವಾಡೆ ಆಗಬೇಕು. ಯಾರಿಗೆ ಎಷ್ಟು ಮುಂಗಡ ಹೋಗಿದೆಯೆಂಬುದು ಮೊಬೈಲಿನಲ್ಲಿದೆ. ಮಾರಿದ ಅಡಿಕೆಯ ಹಣ ಬಂದಿದೆಯೋ ಇಲ್ಲವೋ ಎಂಬ ಸಂದೇಶವೂ ಅಲ್ಲಿಗೇ ಬರುತ್ತದೆ. ಬೆಳೆಸಾಲದ ಗಡುವು ಸಮೀಪಿಸಿದ ಸೂಚನೆಯೂ ಅದಕ್ಕೇ ಬರುತ್ತದೆ. ರಿಯಾಯಿತಿ ಬಡ್ಡಿಯ ಸಾಲದಲ್ಲಿ ಗಡುವು ತಪ್ಪಿದರೆ ರಿಯಾಯಿತಿಯೇ ಕೈತಪ್ಪುತ್ತದೆ. ಇಪ್ಪತ್ತೈದು ವರ್ಷ ಅದೇ ತೋಟದಲ್ಲಿ ದುಡಿದ ಮಡದಿಗೆ ಆ ಮೊಬೈಲಿನ ಲಾಕ್ ಸಂಖ್ಯೆ ತಿಳಿಯದು. ಬೆಂಗಳೂರಿನಿಂದ ಬಂದ ಮಗನಿಗೂ ತಿಳಿಯದು. ಊಹಿಸಿ ಊಹಿಸಿ ಒತ್ತಿದಷ್ಟೂ ಅದು ಇನ್ನಷ್ಟು ಬಿಗಿಯಾಗುತ್ತದೆ. ಆಸ್ತಿಯ ಹಕ್ಕು ಇವರದೇ, ಅದರಲ್ಲಿ ಯಾರ ತಕರಾರೂ ಇಲ್ಲ. ಆದರೂ ಕೈಗೆ ಏನೂ ಸಿಗದು.

ಹಕ್ಕು ಬೇರೆ, ಕೀಲಿ ಬೇರೆ

ಈ ತೊಡಕು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಇದರ ಎರಡು ಮುಖಗಳನ್ನು ತೋರಿಸುವ ಎರಡು ಮೊಕದ್ದಮೆಗಳು ಹೊರದೇಶಗಳಲ್ಲಿ ನಡೆದಿವೆ.

ಅಮೆರಿಕದ ಮಿಷಿಗನ್ ರಾಜ್ಯದ ಜಸ್ಟಿನ್ ಎಲ್ಸ್‌ವರ್ತ್ ಎಂಬ ಯುವ ಸೈನಿಕ 2004ರ ನವೆಂಬರಿನಲ್ಲಿ ಇರಾಕಿನಲ್ಲಿ ಮಡಿದ. ಅವನ ಈಮೇಲ್ ಪತ್ರಗಳನ್ನು ಕೊಡಿರೆಂದು ತಂದೆತಾಯಿ ಯಾಹೂ ಕಂಪನಿಯನ್ನು ಕೇಳಿದರು. ಖಾತೆಯ ಗುಟ್ಟನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲವೆಂಬ ತನ್ನ ಕರಾರನ್ನು ಮುಂದಿಟ್ಟು ಕಂಪನಿ ನಿರಾಕರಿಸಿತು. ತಂದೆ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2005ರ ಏಪ್ರಿಲಿನಲ್ಲಿ ನ್ಯಾಯಾಲಯದ ಆದೇಶ ಬಂದ ಮೇಲೆ ಪತ್ರಗಳು ಸಿಕ್ಕವು. ಇಲ್ಲಿ ತಂದೆಗೆ ಹಕ್ಕಿತ್ತು, ಕೀಲಿ ಇರಲಿಲ್ಲ.

ಎರಡನೆಯದು ಜರ್ಮನಿಯದು. 2012ರಲ್ಲಿ ಬರ್ಲಿನ್ನಿನಲ್ಲಿ 15 ವರ್ಷದ ಹುಡುಗಿಯೊಬ್ಬಳು ರೈಲಿಗೆ ಸಿಕ್ಕಿ ಮರಣ ಹೊಂದಿದಳು. ಅದು ಅಪಘಾತವೋ ಆತ್ಮಹತ್ಯೆಯೋ ಎಂದು ತಿಳಿಯಲು ಹೆತ್ತವರು ಅವಳ ಫೇಸ್‌ಬುಕ್ ಖಾತೆಯನ್ನು ನೋಡಬಯಸಿದರು. ತಾಯಿಯ ಬಳಿ ಪಾಸ್‌ವರ್ಡ್ ಇತ್ತು. ಆದರೆ ಅಷ್ಟರೊಳಗೆ ಕಂಪನಿ ಅದನ್ನು ಸ್ಮಾರಕ ಖಾತೆಯಾಗಿ ಬದಲಾಯಿಸಿದ್ದರಿಂದ ಆ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ವರ್ಷಗಟ್ಟಲೆ ವ್ಯಾಜ್ಯ ನಡೆದು 2018ರ ಜುಲೈ 12ರಂದು ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ ಹೆತ್ತವರ ಪರವಾಗಿ ತೀರ್ಪು ಕೊಟ್ಟಿತು. ಸತ್ತವರ ಕಾಗದಪತ್ರ, ದಿನಚರಿಗಳು ವಾರಸುದಾರರಿಗೆ ಸಲ್ಲುವಂತೆ ಇಂಥ ಖಾತೆಯೂ ಸಲ್ಲುತ್ತದೆ ಎಂಬುದು ಅದರ ಸಾರಾಂಶ. ಇಲ್ಲಿ ತಾಯಿಯ ಬಳಿ ಕೀಲಿ ಇತ್ತು, ಆದರೆ ಹಕ್ಕನ್ನು ಕಂಪನಿ ಒಪ್ಪಿರಲಿಲ್ಲ.

ಇದರಿಂದ ತಿಳಿಯಬೇಕಾದ್ದು ಇಷ್ಟು: ಹಕ್ಕೂ ಬೇಕು, ಕೀಲಿಯೂ ಬೇಕು. ಎರಡನ್ನೂ ಮನೆಯವರಿಗೆ ದೊರಕಿಸುವ ಕೆಲಸ ಬದುಕಿರುವಾಗಲೇ ಆಗಬೇಕು.

ನಮ್ಮ ದೇಶದ ಕಾನೂನು

ಮೃತರ ಮೊಬೈಲ್, ಈಮೇಲ್ ಖಾತೆಗಳಿಗಾಗಿಯೇ ರಚಿಸಿದ ಪ್ರತ್ಯೇಕ ಉತ್ತರಾಧಿಕಾರ ಕಾಯಿದೆ ಭಾರತದಲ್ಲಿಲ್ಲ. ಜಮೀನಿಗೆ, ಒಡವೆಗೆ, ಠೇವಣಿಗೆ ಅನ್ವಯಿಸುವ ಕಾನೂನೇ ಇಲ್ಲಿಯೂ ಅನ್ವಯಿಸುತ್ತದೆ. ಹಿಂದೂ ಕುಟುಂಬಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಉಯಿಲು ಬರೆಯುವ ವಿಧಾನಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಮುಖ್ಯವಾದವು. ಮುಸ್ಲಿಂ ಕುಟುಂಬಗಳಿಗೆ ಅವರ ವೈಯಕ್ತಿಕ ಕಾನೂನು ಇದೆ. ಅದರಂತೆ ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟನ್ನು ಮಾತ್ರ ಉಯಿಲಿನ ಮೂಲಕ ಕೊಡಬಹುದು.

2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಒಂದು ಹೊಸ ಅಂಶವಿದೆ. ಒಬ್ಬ ವ್ಯಕ್ತಿ ತಾನು ತೀರಿಕೊಂಡಾಗ ಅಥವಾ ಅಶಕ್ತನಾದಾಗ ತನ್ನ ಮಾಹಿತಿಗೆ ಸಂಬಂಧಿಸಿದ ಹಕ್ಕುಗಳನ್ನು ಚಲಾಯಿಸಲು ಇನ್ನೊಬ್ಬರನ್ನು ನಾಮನಿರ್ದೇಶನ ಮಾಡಬಹುದೆಂದು ಅದರ 14ನೇ ಕಲಮು ಹೇಳುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಈ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಇಡಲಾಗಿದೆ. ಆದರೆ ಇದು ಮಾಹಿತಿಯ ಹಕ್ಕು, ಹಣದ ಒಡೆತನವಲ್ಲ ಎಂಬುದನ್ನು ನೆನಪಿಡಬೇಕು.

ನಾಮಿನಿ ಯಾರು, ಒಡೆಯ ಯಾರು?

ನಾಮಿನಿ ಎಂದರೆ ಒಡೆಯನೆಂದು ಅನೇಕರು ತಿಳಿದಿದ್ದಾರೆ. ಹಲವು ಮನೆಗಳಲ್ಲಿ ಅಣ್ಣತಮ್ಮಂದಿರ ಮನಸ್ತಾಪಕ್ಕೆ ಇದೇ ಮೂಲ. ನಾಮಿನಿ ಎಂದರೆ ಹಣವನ್ನು ಬ್ಯಾಂಕಿನಿಂದ ಪಡೆದುಕೊಳ್ಳಲು ಗೊತ್ತುಪಡಿಸಿದ ವ್ಯಕ್ತಿ. ಪಡೆದ ಹಣ ಉಯಿಲಿನಂತೆ, ಉಯಿಲು ಇಲ್ಲದಿದ್ದರೆ ಉತ್ತರಾಧಿಕಾರ ಕಾನೂನಿನಂತೆ ವಾರಸುದಾರರಿಗೆ ಸೇರಬೇಕು. ಕಂಪನಿ ಷೇರುಗಳ ವಿಷಯದಲ್ಲಿಯೂ ನಾಮಿನಿ ಪೂರ್ಣ ಒಡೆಯನಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿತು. ಜೀವವಿಮೆಯಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸವಿದೆ: 2015ರ ತಿದ್ದುಪಡಿಯ ನಂತರ ಗಂಡ, ಹೆಂಡತಿ, ಮಕ್ಕಳು ಅಥವಾ ತಂದೆತಾಯಿಯನ್ನು ನಾಮಿನಿ ಮಾಡಿದ್ದರೆ ಸಾಮಾನ್ಯವಾಗಿ ಆ ಹಣ ಅವರದೇ ಆಗುತ್ತದೆ.

ಹಾಗೆಂದು ನಾಮಿನಿಯ ಹೆಸರು ಬರೆಸುವುದು ವ್ಯರ್ಥವೆಂದು ತಿಳಿಯಬಾರದು. ಹಣ ಬೇಗ ಕೈಗೆ ಬರುವ ದಾರಿ ಅದೇ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಲು ಅವಕಾಶವಾಗಿದೆ. ಯಾರಿಗೆ ಎಷ್ಟು ಪಾಲು ಎಂದು ಬರೆಸಬಹುದು. ಅಥವಾ ಒಬ್ಬರ ನಂತರ ಇನ್ನೊಬ್ಬರು ಎಂದು ಕ್ರಮ ಹಾಕಬಹುದು. ಬ್ಯಾಂಕಿನ ಲಾಕರಿಗೆ ಈ ಎರಡನೆಯ ಕ್ರಮ ಮಾತ್ರ ಸಲ್ಲುತ್ತದೆ.

ಮೃತರ ಖಾತೆಗಳ ಇತ್ಯರ್ಥದ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ನಿರ್ದೇಶನ ಹೊರಡಿಸಿ, 2026ರ ಮಾರ್ಚ್ 31ರೊಳಗೆ ಅದನ್ನು ಜಾರಿಗೆ ತರಬೇಕೆಂದು ಬ್ಯಾಂಕುಗಳಿಗೆ ತಿಳಿಸಿತು. ಅದರ ಮುಖ್ಯಾಂಶಗಳನ್ನು ಸದಸ್ಯರು ತಿಳಿದಿರುವುದು ಒಳ್ಳೆಯದು. ನಾಮಿನಿ ಇದ್ದರೆ, ಅಥವಾ ಜಂಟಿ ಖಾತೆಯಲ್ಲಿ ‘ಬದುಕುಳಿದವರಿಗೆ’ ಎಂಬ ಷರತ್ತು ಇದ್ದರೆ, ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರವನ್ನು ಬ್ಯಾಂಕು ಕೇಳುವಂತಿಲ್ಲ. ನಾಮಿನಿ ಇಲ್ಲದಿದ್ದರೂ, ವಾರಸುದಾರರಲ್ಲಿ ತಕರಾರಿಲ್ಲದಿದ್ದರೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿಯವರೆಗೆ, ಇತರ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿಯವರೆಗೆ ಸರಳ ಕ್ರಮದಲ್ಲಿ ಇತ್ಯರ್ಥ ಮಾಡಬೇಕು. ಕಾಗದಪತ್ರಗಳೆಲ್ಲ ಸೇರಿದ 15 ದಿನಗಳೊಳಗೆ ಖಾತೆ ಇತ್ಯರ್ಥವಾಗಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ಪರಿಹಾರ ಕೊಡಬೇಕು.

ನಮ್ಮೂರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಬ್ಯಾಂಕುಗಳಲ್ಲ. ಅವು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ ಮತ್ತು ತಮ್ಮ ಉಪವಿಧಿಗಳಂತೆ ನಡೆಯುತ್ತವೆ. ಆದ್ದರಿಂದ ಸಂಘದ ಷೇರು ಹಣ ಮತ್ತು ಠೇವಣಿಗೆ ಅಲ್ಲಿಯೇ ಪ್ರತ್ಯೇಕವಾಗಿ ನಾಮಿನಿ ಬರೆಸಬೇಕು. ಮೂವತ್ತು ವರ್ಷದ ಹಿಂದೆ ಸದಸ್ಯರಾದಾಗ ತಾಯಿಯ ಹೆಸರನ್ನು ಬರೆಸಿ, ತಾಯಿ ತೀರಿಕೊಂಡ ಮೇಲೂ ಬದಲಾಯಿಸದೆ ಬಿಟ್ಟವರಿದ್ದಾರೆ. ಸಂಘದ ಕಚೇರಿಗೆ ಹೋದಾಗ ಒಮ್ಮೆ ಪುಸ್ತಕ ತೆಗೆಸಿ ನೋಡುವುದರಿಂದ ನಷ್ಟವೇನಿಲ್ಲ.

ಉಯಿಲು ಕಾಗದದಲ್ಲೇ ಇರಲಿ

ಕೆಲವರು ತಮ್ಮ ಇಚ್ಛೆಯನ್ನು ಮೊಬೈಲಿನಲ್ಲಿ ಹೇಳಿ ವಿಡಿಯೋ ಮಾಡಿಟ್ಟಿದ್ದೇವೆ ಎನ್ನುತ್ತಾರೆ. ಇನ್ನು ಕೆಲವರು ಮಕ್ಕಳ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಾಕಿದ್ದೇವೆ ಎನ್ನುತ್ತಾರೆ. ಇದು ಸಾಲದು. 2000ರ ಮಾಹಿತಿ ತಂತ್ರಜ್ಞಾನ ಕಾಯಿದೆ ವಿದ್ಯುನ್ಮಾನ ದಾಖಲೆಗಳಿಗೆ ಮಾನ್ಯತೆ ಕೊಟ್ಟಿದ್ದರೂ ಉಯಿಲನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಉಯಿಲು ಕಾಗದದ ಮೇಲಿರಬೇಕು, ಬರೆದವರು ಸಹಿ ಮಾಡಬೇಕು ಅಥವಾ ಹೆಬ್ಬೆಟ್ಟು ಒತ್ತಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅವರ ಸಮಕ್ಷಮದಲ್ಲಿ ಸಹಿ ಹಾಕಬೇಕು. ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ತಕರಾರು ಎದ್ದಾಗ ಬಲ ಬರುತ್ತದೆ. ಪಾಲು ಪಡೆಯುವವರನ್ನೇ ಸಾಕ್ಷಿಯಾಗಿ ಹಾಕಿಸದಿರುವುದು ಕ್ಷೇಮ. ಪಿತ್ರಾರ್ಜಿತ ಜಂಟಿ ಆಸ್ತಿಯಲ್ಲಿ ತಮ್ಮ ಪಾಲನ್ನು ಮಾತ್ರ ಉಯಿಲಿನ ಮೂಲಕ ಕೊಡಬಹುದೆಂಬುದನ್ನೂ ಮರೆಯಬಾರದು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಅದರಲ್ಲಿ ಸಮಪಾಲುದಾರರು.

ಉಯಿಲಿನಲ್ಲಿ ಜಮೀನು, ಮನೆ, ಒಡವೆಗಳ ಜತೆಗೆ ಎರಡು ಸಾಲು ಸೇರಿಸಿದರೆ ಸಾಕು: ನನ್ನ ಮೊಬೈಲ್, ಗಣಕಯಂತ್ರ, ಈಮೇಲ್ ಮತ್ತು ಅವುಗಳಲ್ಲಿರುವ ಲೆಕ್ಕಪತ್ರ, ಚಿತ್ರಗಳನ್ನು ಇಂಥವರು ತೆರೆದು ನೋಡಬಹುದು, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಹೀಗೆ ಬರೆದಿದ್ದರೆ ಕಂಪನಿಗಳ ಮುಂದೆಯೂ ನ್ಯಾಯಾಲಯದ ಮುಂದೆಯೂ ಮೃತರ ಇಚ್ಛೆ ಏನಿತ್ತೆಂದು ತೋರಿಸಬಹುದು. ಆದರೆ ಪಾಸ್‌ವರ್ಡನ್ನಾಗಲಿ ಪಿನ್ ಸಂಖ್ಯೆಯನ್ನಾಗಲಿ ಉಯಿಲಿನಲ್ಲಿ ಬರೆಯಲೇಬಾರದು. ಉಯಿಲು ಮುಂದೆ ಹಲವರ ಕೈಗೆ ಹೋಗುವ ಕಾಗದ. ಪಾಸ್‌ವರ್ಡ್ ಬದಲಾದಾಗಲೆಲ್ಲ ಉಯಿಲನ್ನು ತಿದ್ದಲೂ ಆಗುವುದಿಲ್ಲ.

ಕಂಪನಿಗಳು ಕೊಟ್ಟಿರುವ ಸೌಲಭ್ಯ

ಕೀಲಿಯ ವಿಷಯದಲ್ಲಿ ಕೆಲವು ಕಂಪನಿಗಳೇ ದಾರಿ ಮಾಡಿಕೊಟ್ಟಿವೆ. ಖರ್ಚಿಲ್ಲದ ಈ ಸೌಲಭ್ಯಗಳನ್ನು ಬಳಸಿಕೊಂಡವರು ಕಡಿಮೆ.

ಗೂಗಲ್ ಖಾತೆಯಲ್ಲಿ 2013ರಿಂದ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ವ್ಯವಸ್ಥೆ ಇದೆ. ಖಾತೆ ಇಂತಿಷ್ಟು ಕಾಲ ಬಳಕೆಯಾಗದಿದ್ದರೆ ಅದರಲ್ಲಿರುವ ಈಮೇಲ್, ಫೋಟೋಗಳನ್ನು ನಾವು ಹೆಸರಿಸಿದವರಿಗೆ ಕೊಡಬೇಕೆಂದು ಮೊದಲೇ ತಿಳಿಸಿಡಬಹುದು. ಅವಧಿ 3, 6, 12 ಅಥವಾ 18 ತಿಂಗಳು. ಹತ್ತು ಜನರವರೆಗೆ ಹೆಸರಿಸಬಹುದು. ನಮ್ಮ ಹೆಚ್ಚಿನ ಬೆಳೆಗಾರರ ಮೊಬೈಲುಗಳು ಗೂಗಲ್ ಖಾತೆಯಿಂದಲೇ ನಡೆಯುವುದರಿಂದ ಇದು ಮುಖ್ಯ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ಕ್ರಮವನ್ನೂ ಅದೇ ಕಂಪನಿ 2023ರ ಡಿಸೆಂಬರಿನಿಂದ ಆರಂಭಿಸಿತು. ‘ನಿಧಾನವಾಗಿ ನೋಡೋಣ’ ಎಂದು ಅಟ್ಟಕ್ಕೆ ಹಾಕಿದರೆ ಮಳೆಯ ಲೆಕ್ಕವೂ ಹೋಯಿತು, ಚಿತ್ರಗಳೂ ಹೋದವು.

ಆಪಲ್ ಕಂಪನಿಯ ಮೊಬೈಲುಗಳಲ್ಲಿ 2021ರ ಡಿಸೆಂಬರಿನಿಂದ ಐವರವರೆಗೆ ವಾರಸು ಸಂಪರ್ಕದವರನ್ನು ಹೆಸರಿಸುವ ಅವಕಾಶವಿದೆ. ಹೆಸರಿಸುವಾಗ ದೊರೆಯುವ ಕೀಲಿ ಸಂಖ್ಯೆಯನ್ನು ಮರಣ ಪ್ರಮಾಣಪತ್ರದೊಂದಿಗೆ ಒಪ್ಪಿಸಿದರೆ ಖಾತೆಯಲ್ಲಿನ ಚಿತ್ರ, ಬರಹಗಳು ಸಿಗುತ್ತವೆ. ಅಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು ಮಾತ್ರ ಸಿಗುವುದಿಲ್ಲ. ಫೇಸ್‌ಬುಕ್ಕಿನಲ್ಲಿಯೂ ಇಂಥ ಏರ್ಪಾಡಿದೆ, ಆದರೆ ಹೆಸರಿಸಿದವರು ಖಾಸಗಿ ಸಂದೇಶಗಳನ್ನು ಓದುವಂತಿಲ್ಲ. ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನ ಬಳಕೆಯಾಗದಿದ್ದರೆ ಅಳಿಸಲ್ಪಡುತ್ತದೆ. ಷೇರು, ಮ್ಯೂಚುವಲ್ ಫಂಡ್ ಇರುವವರಿಗೆ 2025ರ ಏಪ್ರಿಲಿನಿಂದ ಇನ್ನೊಂದು ಅನುಕೂಲವಾಗಿದೆ: ಆ ವಿವರಗಳನ್ನು ಡಿಜಿಲಾಕರಿಗೆ ತಂದು, ತಮ್ಮ ನಂತರ ಅವನ್ನು ನೋಡುವ ನಾಮಿನಿಯನ್ನು ಅಲ್ಲಿಯೇ ಹೆಸರಿಸಬಹುದು.

ಕ್ರಿಪ್ಟೋ ಎಂಬ ಹೊಸ ನಾಣ್ಯದಲ್ಲಿ ಹಣ ಹಾಕಿರುವ ಯುವಕರಿಗೆ ಒಂದು ಮಾತು. ಅದನ್ನು ಸ್ವಂತ ಗುಪ್ತಪದಗಳ ಮೂಲಕ ಇಟ್ಟುಕೊಂಡಿದ್ದರೆ, ಆ ಪದಗಳು ಕಳೆದುಹೋದ ಮೇಲೆ ಯಾವ ನ್ಯಾಯಾಲಯದ ಆದೇಶದಿಂದಲೂ ಅದನ್ನು ಮರಳಿ ಪಡೆಯಲಾಗದು. ಮನೆಯವರಿಗೆ ತಿಳಿಸದೆ ಅಂಥ ಹೂಡಿಕೆ ಮಾಡುವುದು ಹಣವನ್ನು ತೋಟದಲ್ಲಿ ಹೂತಿಟ್ಟು ಜಾಗ ಹೇಳದೆ ಹೋದಂತೆ.

ಒಂದು ಪುಸ್ತಕ, ಒಂದು ಲಕೋಟೆ

ಇಷ್ಟೆಲ್ಲ ಕೇಳಿ ಗಾಬರಿಯಾಗಬೇಕಿಲ್ಲ. ಒಂದು ಇಪ್ಪತ್ತು ಪುಟದ ನೋಟು ಪುಸ್ತಕ, ಒಂದು ಗಟ್ಟಿ ಲಕೋಟೆ ಇದ್ದರೆ ಮುಕ್ಕಾಲು ಕೆಲಸ ಆದಂತೆ.

ಪುಸ್ತಕದಲ್ಲಿ ಬರೆಯಬೇಕಾದವು:

1. ಯಾವ ಯಾವ ಬ್ಯಾಂಕು, ಸಂಘಗಳಲ್ಲಿ ಖಾತೆ, ಠೇವಣಿ, ಷೇರು ಇದೆ, ಶಾಖೆ ಯಾವುದು, ನಾಮಿನಿ ಯಾರು.
2. ಯಾವ ಸಾಲ ಎಲ್ಲಿದೆ, ಗಡುವು ಯಾವ ತಿಂಗಳು, ಜಾಮೀನುದಾರರು ಯಾರು.
3. ವಿಮೆಯ ಪಾಲಿಸಿಗಳು, ಬೆಳೆವಿಮೆ ಕಟ್ಟಿದ ವಿವರ.
4. ಮ್ಯೂಚುವಲ್ ಫಂಡ್, ಡಿಮ್ಯಾಟ್ ಖಾತೆ ಯಾರ ಮೂಲಕ ತೆರೆದದ್ದು.
5. ಬ್ಯಾಂಕಿಗೆ, ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಯಾವುದು, ಈಮೇಲ್ ವಿಳಾಸ ಯಾವುದು.
6. ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆ, ಅರ್ಜಿ ಹಾಕಿದ ಸಹಾಯಧನಗಳ ವಿವರ.
7. ಯಾರಿಂದ ಹಣ ಬರಬೇಕು, ಯಾರಿಗೆ ಕೊಡಬೇಕು, ಆಳುಗಳ ಮುಂಗಡ.
8. ಉಯಿಲು ಇದ್ದರೆ ಎಲ್ಲಿದೆ.

ಇದರಲ್ಲಿ ಮೊತ್ತವನ್ನೂ ಗುಪ್ತಸಂಖ್ಯೆಗಳನ್ನೂ ಬರೆಯಬೇಕಿಲ್ಲ. ಯಾರ ಕಣ್ಣಿಗೆ ಬಿದ್ದರೂ ಅಪಾಯವಿಲ್ಲದಂತಿರಲಿ. ವರ್ಷಕ್ಕೊಮ್ಮೆ ತಿದ್ದಿ ದಿನಾಂಕ ಹಾಕಿದರಾಯಿತು.

ಲಕೋಟೆಯಲ್ಲಿ ಇರಬೇಕಾದ್ದು ಮೊಬೈಲಿನ ಲಾಕ್ ಸಂಖ್ಯೆ ಮತ್ತು ಈಮೇಲ್ ಖಾತೆಯ ಪಾಸ್‌ವರ್ಡ್. ಬೆರಳಚ್ಚಿನಿಂದ ತೆರೆಯುವ ಮೊಬೈಲು ಕೂಡ ಒಮ್ಮೆ ಆರಿ ಹೊತ್ತಿದ ಮೇಲೆ ಈ ಸಂಖ್ಯೆಯನ್ನು ಕೇಳಿಯೇ ಕೇಳುತ್ತದೆ. ಲಕೋಟೆಯನ್ನು ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ, ನಂಬಿಕೆಯ ಒಬ್ಬರಲ್ಲಿ ಅಥವಾ ಮನೆಯ ಪೆಟ್ಟಿಗೆಯಲ್ಲಿ ಇಡಬಹುದು. ಬ್ಯಾಂಕಿನ ಮತ್ತು ಯುಪಿಐ ಪಿನ್ ಸಂಖ್ಯೆಗಳನ್ನು ಇದರಲ್ಲಿ ಹಾಕಬಾರದು. ಹಣಕ್ಕೆ ನಾಮಿನಿಯ ದಾರಿ ಇದೆ. ಪಿನ್ನಿನ ಅಗತ್ಯವೇ ಬೀಳದು.

ತೋಟದ ಲೆಕ್ಕಕ್ಕೆ ಇನ್ನೂ ಸುಲಭದ ಉಪಾಯವಿದೆ. ಮಳೆಯ ಲೆಕ್ಕ, ಮುಂಗಡದ ಲೆಕ್ಕಗಳನ್ನು ತಿಂಗಳಿಗೊಮ್ಮೆ ಕಾಗದದ ಪುಸ್ತಕಕ್ಕೂ ಇಳಿಸಿಕೊಳ್ಳಬಹುದು. ಅಥವಾ ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಬಹುದು. ಮನೆಖರ್ಚಿನ ಒಂದು ಖಾತೆಯನ್ನು ಗಂಡಹೆಂಡಿರಿಬ್ಬರ ಹೆಸರಿನಲ್ಲಿ, ‘ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು’ ಎಂಬ ಷರತ್ತಿನಲ್ಲಿ ಇಟ್ಟುಕೊಂಡರೆ ಮೊದಲ ವಾರದ ಬಟವಾಡೆಗೆ ಪರದಾಡಬೇಕಾಗುವುದಿಲ್ಲ.

ಸಾವು ಸಂಭವಿಸಿದ ಮೇಲೆ

ಏರ್ಪಾಡು ಇರಲಿ ಇಲ್ಲದಿರಲಿ, ಮನೆಯವರು ಈ ಕೆಲವು ಸಂಗತಿಗಳನ್ನು ಗಮನದಲ್ಲಿಡಬೇಕು.

ಮೊದಲನೆಯದಾಗಿ, ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ ಪ್ರಮಾಣಪತ್ರದ ಹಲವು ಪ್ರತಿಗಳನ್ನು ಪಡೆಯಬೇಕು. ಮುಂದಿನ ಎಲ್ಲ ಕೆಲಸಕ್ಕೂ ಅದೇ ಆಧಾರ. ಕುಟುಂಬದ ಸದಸ್ಯರನ್ನು ತೋರಿಸುವ ವಂಶವೃಕ್ಷದ ದಾಖಲೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಜಮೀನಿನ ಪೌತಿ ಖಾತೆಗೂ ಅದು ಬೇಕಾಗುತ್ತದೆ.

ಎರಡನೆಯದಾಗಿ, ಸಿಮ್ ಕಾರ್ಡನ್ನು ಎಸೆಯಬಾರದು. ಸಂಖ್ಯೆ ಬಹುಕಾಲ ಬಳಕೆಯಾಗದೆ ರದ್ದಾದರೆ ಮುಂದೆ ಅದು ಬೇರೊಬ್ಬರಿಗೆ ಹೋಗುತ್ತದೆ. ಬ್ಯಾಂಕಿನ ಸಂದೇಶಗಳು ಆ ಅಪರಿಚಿತರಿಗೆ ಬರುವ ಅಪಾಯವಿದೆ. ಮರಣ ಪ್ರಮಾಣಪತ್ರ ಒಪ್ಪಿಸಿ ಆ ಸಂಖ್ಯೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದೇ ಸರಿಯಾದ ಕ್ರಮ.

ಮೂರನೆಯದಾಗಿ, ಲಾಕ್ ಆಗಿರುವ ಮೊಬೈಲನ್ನು ಅವಸರದಲ್ಲಿ ಅಂಗಡಿಗೆ ಒಯ್ದು ‘ಹೇಗಾದರೂ ತೆಗೆದುಕೊಡಿ’ ಎನ್ನಬಾರದು. ಹೊಸದರಂತೆ ಮಾಡಿಕೊಟ್ಟರೆ ಮೊಬೈಲು ಉಪಯೋಗಕ್ಕೆ ಬರುತ್ತದೆ, ಒಳಗಿನ ಲೆಕ್ಕವೆಲ್ಲ ಹೋಗಿರುತ್ತದೆ.

ನಾಲ್ಕನೆಯದಾಗಿ, ಮೃತರ ಪಿನ್ ಗೊತ್ತಿದ್ದರೂ ಅದನ್ನು ಒತ್ತಿ ಹಣ ತೆಗೆಯಬಾರದು. ಬೇರೆಯವರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆಮನೆವಾಸಕ್ಕೆ ಗುರಿಮಾಡುವ ಅಪರಾಧ. ಒಳ್ಳೆಯ ಉದ್ದೇಶದಿಂದ, ಉತ್ತರಕ್ರಿಯೆಯ ಖರ್ಚಿಗೆಂದೇ ತೆಗೆದಿದ್ದರೂ, ನಾಳೆ ಇನ್ನೊಬ್ಬ ವಾರಸುದಾರರು ಪ್ರಶ್ನಿಸಿದರೆ ಉತ್ತರ ಹೇಳಬೇಕಾಗುತ್ತದೆ. ಬ್ಯಾಂಕಿಗೆ ತಿಳಿಸಿ ನಾಮಿನಿಯ ಮೂಲಕವೇ ಪಡೆಯುವುದು ಕ್ಷೇಮ. ಸಾಲವಿದ್ದಲ್ಲಿಯೂ ಕೂಡಲೇ ತಿಳಿಸಿದರೆ ಗಡುವಿನ ಬಗ್ಗೆ ಮಾತಾಡಲು ಅವಕಾಶ ಸಿಗುತ್ತದೆ.

ಐದನೆಯದಾಗಿ, ಆದಾಯ ತೆರಿಗೆ ಲೆಕ್ಕ ಸಲ್ಲಿಸುತ್ತಿದ್ದವರಾದರೆ, ವಾರಸುದಾರರಲ್ಲೊಬ್ಬರು ಇಲಾಖೆಯ ಜಾಲತಾಣದಲ್ಲಿ ಕಾನೂನುಬದ್ಧ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡು ಮೃತರ ಪರವಾಗಿ ಲೆಕ್ಕ ಸಲ್ಲಿಸಬೇಕು.

ಹಿಂದೆಂದೋ ತೀರಿಕೊಂಡವರ ಖಾತೆ ಎಲ್ಲಿತ್ತೆಂದು ತಿಳಿಯದೆ ಕುಳಿತಿರುವ ಕುಟುಂಬಗಳಿಗೂ ದಾರಿ ಇದೆ. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸುತ್ತವೆ. ಆದರೂ ವಾರಸುದಾರರ ಹಕ್ಕು ಅಳಿಯುವುದಿಲ್ಲ. ಅಂಥ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನು ತೆರೆಯಿತು. ಮೃತರ ಹೆಸರು ಮತ್ತು ಜನ್ಮದಿನಾಂಕ, ಪಾನ್ ಸಂಖ್ಯೆಯಂಥ ಒಂದು ಗುರುತು ಇದ್ದರೆ ಅಲ್ಲಿ ಹುಡುಕಬಹುದು. ಅದರಲ್ಲಿ ಕಂಡುಬಂದರೆ ಹಣ ಪಡೆಯಲು ಹೋಗಬೇಕಾದ್ದು ಆಯಾ ಬ್ಯಾಂಕಿಗೇ.

ಮದ್ದು ಬಿಡುವ ಕಾಲ

ಸಾವಿನ ಮಾತು ಅಶುಭವೆಂದು ನಮ್ಮ ಮನೆಗಳಲ್ಲಿ ಅದನ್ನು ಎತ್ತುವುದಿಲ್ಲ. ಗಂಡ ಎತ್ತಿದರೆ ಹೆಂಡತಿ ಬಾಯಿ ಮುಚ್ಚಿಸುತ್ತಾಳೆ. ಮಗ ಎತ್ತಿದರೆ ಆಸ್ತಿಗೆ ಕಣ್ಣು ಹಾಕಿದನೆಂಬ ಸಂಶಯ ಬರುತ್ತದೆ. ಆದ್ದರಿಂದ ಈ ಮಾತನ್ನು ಮೊದಲು ಆಡಬೇಕಾದವರು ಯಜಮಾನರೇ. ಅಡಿಕೆಗೆ ಕೊಳೆರೋಗದ ಮದ್ದನ್ನು ಮಳೆಗಾಲ ಹಿಡಿಯುವ ಮೊದಲೇ ಬಿಡುತ್ತೇವೆ. ಕಾಯಿ ಉದುರಲು ಸುರುವಾದ ಮೇಲೆ ಬಿಟ್ಟ ಮದ್ದು ಎಷ್ಟರ ಮಟ್ಟಿಗೆ ಫಲ ಕೊಡುತ್ತದೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಹಾಗೆಂದು ಮದ್ದು ಬಿಟ್ಟವರು ರೋಗ ಬರಲೆಂದು ಬಯಸಿದವರಲ್ಲ.

ಜಮೀನು, ಉಯಿಲುಗಳ ವಿಷಯದಲ್ಲಿ ಒಂದೊಂದು ಕುಟುಂಬದ ಸ್ಥಿತಿ ಒಂದೊಂದು ತೆರನಾಗಿರುವುದರಿಂದ ಅದಕ್ಕೆ ತಿಳಿದ ವಕೀಲರನ್ನು ಕಾಣುವುದು ಲೇಸು. ಪುಸ್ತಕ ಬರೆಯುವುದಕ್ಕೆ, ನಾಮಿನಿಯ ಹೆಸರು ನೋಡಿಸುವುದಕ್ಕೆ, ಗೂಗಲ್ ಖಾತೆಯಲ್ಲಿ ಒಂದು ಹೆಸರು ಸೇರಿಸುವುದಕ್ಕೆ ಮಾತ್ರ ವಕೀಲರು ಬೇಕಿಲ್ಲ. ತೋಟಕ್ಕೆ ಇಳಿಯಲಾಗದ ಮಳೆಯ ಒಂದು ದಿನ ಮಡದಿ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಮೇಲೆ ಕೊಟ್ಟ ಎಂಟು ಅಂಶಗಳನ್ನು ಒಂದೊಂದಾಗಿ ಬರೆದು ಮುಗಿಸಬಹುದು. ಬರೆದಾದ ಮೇಲೆ ಪುಸ್ತಕ ಎಲ್ಲಿದೆಯೆಂದು ಕನಿಷ್ಠ ಇಬ್ಬರಿಗೆ ತಿಳಿದಿರಲಿ. ಅವರಲ್ಲಿ ಒಬ್ಬರು ಮನೆಯೊಡತಿಯೇ ಆಗಿರಲಿ.